ಮೊದಲು ನೀವೇ ಹೇಳಿ

ಗ್ರಿಮ್ಸ್‌ಬಿಯಲ್ಲಿ ಬೆಳಿಗ್ಗೆ ಒಂಬತ್ತೂವರೆ.
ರಾತ್ರಿಪಾಳಿಯ ಬೂಟು ಬಾಗಿಲಲ್ಲೇ ಕಳಚಿ,
ಪರದೆ ಎಳೆದು, ಚಹಾ ಆರಲು ಬಿಟ್ಟು
ಲ್ಯಾಪ್‌ಟಾಪು ತೆರೆದಿದ್ದೇನೆ.
ನಿದ್ದೆಯ ಹೊತ್ತು. ಬರುವುದಿಲ್ಲ, ಗೊತ್ತು.

ಐದು ಪೆನ್ನಿ, ಹತ್ತು ಪೆನ್ನಿಯ ಮೇಜು.
ಆರು ಕುರ್ಚಿ, ಒಂದಕ್ಕೂ ಮುಖವಿಲ್ಲ.
ಇಲ್ಲಿ ನನ್ನ ಹೆಸರು ಕಾಳುಮೆಣಸು ಎಪ್ಪತ್ತೊಂದು.
ಬಟನ್ನಿನ ಮೇಲೆ ಕೂತವನು ಟ್ರಾಲರ್‌ಕೆವ್,
ಎಲ್ಲರದೂ ಮುಗಿದ ಮೇಲೆ ಬಾಯಿ ಬಿಡುವ ಪುಣ್ಯವಂತ.
ಅವನ ಎಡಕ್ಕೇ ನಾನು,
ಎಲೆ ನೋಡುವ ಮೊದಲೇ ಐದು ಪೆನ್ನಿ ತೆತ್ತು ಕೂತವಳು.

ಅವನು ಇಪ್ಪತ್ತೈದು ಇಟ್ಟ.
ನನಗೆ ಬಂದವರು ಇಬ್ಬರು ರಾಣಿಯರು,
ಒಬ್ಬಳು ಆಟಿನ್, ಒಬ್ಬಳು ಕಳಾವರ್.
ಹೊಸಬರು ಇಲ್ಲಿ ಹಿಗ್ಗುತ್ತಾರೆ.
ನನಗೆ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು.
ಕೆಟ್ಟ ಎಲೆಯಾದರೆ ಎಸೆದು ಚಹಾ ಕುಡಿಯಬಹುದಿತ್ತು.
ಇದನ್ನು ಕಾಯಬೇಕು,
ಸಂತೆಯ ನೂಕುನುಗ್ಗಲಲ್ಲಿ ಮೊಟ್ಟೆಬುಟ್ಟಿ ಹೊತ್ತವಳ ಹಾಗೆ.

ಒಂದು ಪೌಂಡು ಹತ್ತು ಅಂದೆ. ಅವನೊಬ್ಬನೇ ಬಂದ.
ಇಸ್ಪೀಟು ಹತ್ತು, ಇಸ್ಪೀಟು ಒಂಬತ್ತು, ಡೈಮನ್ ನಾಲ್ಕು.
ಈಗಲೂ ನನ್ನದೇ ದೊಡ್ಡದು, ಬಹುಶಃ.
ಆ ಬಹುಶಃದ ಮೇಲೆ ನಿಂತು ಮೊದಲು ಮಾತಾಡಬೇಕು.
ಸುಮ್ಮನಿದ್ದರೆ ಮುಂದಿನ ಎಲೆ ಅವನಿಗೆ ಪುಕ್ಕಟೆ.
ಗಟ್ಟಿಯಾಗಿ ಕೂಗಿದರೆ
ನನಗೆ ಸೋಲಬಹುದಾದದ್ದೆಲ್ಲ ಎದ್ದುಹೋಗಿ
ನನ್ನನ್ನು ಸೋಲಿಸುವುದಷ್ಟೇ ಎದುರಿಗೆ ಉಳಿಯುತ್ತದೆ.
ಒಂದು ಇಪ್ಪತ್ತು, ಎಂದೆ.
ಬಂದ. ಉಸಿರೆಳೆಯುವಷ್ಟೂ ಯೋಚಿಸಲಿಲ್ಲ.

ಬೀಡಿ ಡಿಪೋದ ಹಿಂದೆ ಲಾದ್ರು ಮಾಮ
ಇಪ್ಪತ್ತೆಂಟು ಆಡಿಸುತ್ತಿದ್ದಾಗ ಹೇಳುತ್ತಿದ್ದ:
ಎಲೆ ಬಿಸಿ ಇದ್ದರೆ ನಾಲಗೆ ತಣ್ಣಗಿರಲಿ, ಹುಡುಗಿ.
ಸರಿಯೇ. ಆದರೆ ಅಲ್ಲಿ ಎದುರಿಗೆ ಜೊತೆಗಾರನಿದ್ದ,
ಮೇಜಿನಡಿ ನನ್ನ ಹೆಬ್ಬೆರಳು ಮೆಟ್ಟುತ್ತಿದ್ದ.

ನಾಲ್ಕನೆಯದು ಇಸ್ಪೀಟು ಏಳು.
ನನ್ನಲ್ಲಿ ಒಂದೂ ಇಸ್ಪೀಟಿಲ್ಲ.
ಚೆಕ್, ಎಂದೆ.
ಅವನು ಮೂರು ಪೌಂಡು ತಳ್ಳಿದ.
ಹೆಸರಿನ ಕೆಳಗೆ ಹಸಿರು ಗೆರೆ ಸವೆಯತೊಡಗಿತು.

ಹದಿನೈದು ಸೆಕೆಂಡಿನಲ್ಲಿ ಏನೆಲ್ಲ ಹಿಡಿಯುತ್ತದೆ.
ರಾತ್ರಿ ಮೂರರ ಔಷಧದ ಕಪಾಟು:
ದಫ್ತರದಲ್ಲಿ ಹನ್ನೊಂದು ಮಾರ್ಫೀನು, ಪೆಟ್ಟಿಗೆಯಲ್ಲಿ ಹತ್ತು.
ಎರಡು ಸಲ ಎಣಿಸಿದೆ. ಮೂರನೆಯ ಸಲ
ಏಜೆನ್ಸಿಯ ಹುಡುಗಿ ಕೇಲಿ ಟಾರ್ಚು ಹಿಡಿದಳು, ಅವಳ ಕೈ ನಡುಗಿತು,
ಅಥವಾ ನನಗೆ ಹಾಗೆ ಕಂಡಿತು.
ಹತ್ತು ಎಂದು ಬರೆದು ಸಹಿ ಹಾಕಿ ಫೋನು ಮಾಡಿದೆ.
ಕೀಲಿಕೈ ಓಡಾಡಿದ್ದು ನಾಲ್ಕು ಜನರ ಕೈಯಲ್ಲಿ.
ನನ್ನ ಪುಟಗಳಲ್ಲಿ ಒಂದು ಕಾಟೂ ಇಲ್ಲ.
ನಾನು ಸರಿ. ಎರಡು ರಾಣಿಯರಷ್ಟು ಸರಿ.
ಮಧ್ಯಾಹ್ನ ಎರಡಕ್ಕೆ ಮ್ಯಾನೇಜರ್ ಲೊರೇನ್
ಫೈಲು ಮುಚ್ಚಿ, ಅದರ ಮೇಲೆ ಕೈಯಿಟ್ಟು
ತುಂಬ ಮೃದುವಾಗಿ ಹೇಳುತ್ತಾಳೆ:
ಮೊದಲು ನೀವೇ ಹೇಳಿ.

ಗೆರೆ ಕೆಂಪಾಯಿತು.
ರಾಣಿಯರನ್ನು ಮಡಚಿದೆ.

ಎರಡು ಪೌಂಡು ಮೂವತ್ತು, ಒಂದು ಫಿಶ್‌ಕೇಕಿನ ಕಾಸು.
ಹೋಗಲಿ ಅನ್ನುವಷ್ಟರಲ್ಲಿ ಕೆವ್
ತನ್ನದೊಂದು ಎಲೆ ತಿರುಗಿಸಿದ. ಒಂದೇ.
ಇಸ್ಪೀಟಿನ ಎಕ್ಕ.
ಇನ್ನೊಂದು ಕವುಚಿಯೇ ಉಳಿಯಿತು.
ಅದೂ ಇಸ್ಪೀಟೇ ಆಗಿದ್ದರೆ ನಾನು ಜಾಣೆ.
ಅಲ್ಲವಾದರೆ ಒಂಟಿ ಎಕ್ಕ ಹಿಡಿದವನೊಬ್ಬ
ಇಬ್ಬರು ರಾಣಿಯರನ್ನು ಕುರ್ಚಿಯಿಂದ ಎಬ್ಬಿಸಿದ್ದ.
ಕೇಳೋಣವೆಂದರೆ ಅವನಾಗಲೇ ಮೇಜು ಬಿಟ್ಟಿದ್ದ.

ಮುಂದಿನ ಕೈ: ಏಳು, ಎರಡು.
ಎಂಥ ಸುಖ, ನೋಡಿದ ಕೂಡಲೇ ಎಸೆದೆ.

ಬಿಳಿ ರವಿಕೆಗೆ ಇಸ್ತ್ರಿ ಹಾಕಿದೆ.
ಕಾಲರಿನ ಒಂದು ಮೂಲೆ ಎಷ್ಟು ಒತ್ತಿದರೂ ಏಳುತ್ತದೆ.
ಲೊರೇನಳ ಕೋಣೆಯಲ್ಲಿ ಮಡಚುವ ಬಟನ್ ಇಲ್ಲ,
ನನ್ನ ಕೆಲಸವೇ ಕುಪ್ಪೆಯ ನಡುವೆ ಬಿದ್ದಿರುತ್ತದೆ.
ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲಿ ಹೊಂದಿಸಿ
ಅಡುಗೆಮನೆಯಲ್ಲಿ ನಿಂತು ಕೆಟಲಿಗೆ ಹೇಳಿದೆ.
ದನಿ ಚೂರು ಜೋರಾಯಿತು. ಇನ್ನೊಮ್ಮೆ ಹೇಳಿದೆ.

ಕೆಟಲು ಸ್ವಲ್ಪ ಹೊತ್ತು ಯೋಚಿಸಿ
ಚೆಕ್ ಅಂದಿತು.